ಪುಟ್ಟ ಮಕ್ಕಳಿಗೆ ರೋಮ್ ಪತನ ಹೇಳಲು ‘ಆರ್ಬಿಸ್’ ನಕ್ಷೆ: ಎಷ್ಟು ಉಪಯೋಗ, ಎಲ್ಲಿ ಸಾಲದು

ರೋಮ್ ಸಾಮ್ರಾಜ್ಯ ಹೇಗೆ ಬಿತ್ತು ಎಂದು ಏಳು ವರ್ಷದ ಮಗು ಕೇಳಿದರೆ, ಅದು ಹೇಗೆ ನಿಂತಿತ್ತು ಎನ್ನುವುದನ್ನು ಮೊದಲು ತೋರಿಸಬೇಕು. ನಿಂತದ್ದನ್ನು ನೋಡದ ಮಗುವಿಗೆ ಬಿದ್ದದ್ದು ಅರ್ಥವಾಗುವುದಿಲ್ಲ. ಮಕ್ಕಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಪುಟದಲ್ಲಿ ಕೊಲೋಸಿಯಂ, ಮುಂದಿನ ಪುಟದಲ್ಲಿ ಕೊಂಬಿನ ಟೋಪಿಯವರು ಹಚ್ಚಿದ ಬೆಂಕಿ. ಒಂದೇ ದಿನ ಎಲ್ಲ ಮುಗಿಯಿತು ಎಂದುಕೊಂಡ ಮಗು ಅಲ್ಲಿಗೇ ನಿಲ್ಲುತ್ತದೆ. ಈ ಕೊರತೆ ತುಂಬಲು ಉಚಿತವಾಗಿ ಸಿಗುವ ಸಾಧನಗಳಲ್ಲಿ ನಮ್ಮ ಮೆಚ್ಚಿನದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಆರ್ಬಿಸ್’ ಎಂಬ ಅಂತರ್ಜಾಲ ನಕ್ಷೆ. ಅದು ಮಕ್ಕಳಿಗಾಗಿ ಮಾಡಿದ್ದಲ್ಲ. ಪತನವನ್ನಂತೂ ಅದು ತೋರಿಸುವುದೇ ಇಲ್ಲ. ಆದರೂ ಒಂದು ದೊಡ್ಡ ಹಾಳೆ, ಉಲ್ಲನ್ ದಾರ ಮತ್ತು ಮೂವತ್ತು ಕಾಳು ಜೊತೆಗಿದ್ದರೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೊಂದಿಲ್ಲ.

ಇತಿಹಾಸಕಾರ ವಾಲ್ಟರ್ ಶೈಡೆಲ್ ಮತ್ತು ಎಲಿಜಾ ಮೀಕ್ಸ್ ಇದನ್ನು 2012ರಲ್ಲಿ ಹೊರತಂದರು. ಕ್ರಿ.ಶ. 200ರ ಸುಮಾರಿನ ರೋಮನ್ ಲೋಕದ 600ಕ್ಕೂ ಹೆಚ್ಚು ಊರು, ಬಂದರು, ಕಣಿವೆದಾರಿಗಳು ಇದರಲ್ಲಿವೆ. ಅವುಗಳನ್ನು ಜೋಡಿಸುವ ರಸ್ತೆಗಳೇ ಸುಮಾರು 84,000 ಕಿ.ಮೀ. ನದಿ ಮತ್ತು ಕಡಲಿನ ದಾರಿಗಳು ಅದರ ಮೇಲೆ. ಹೊರಡುವ ಊರು, ಸೇರುವ ಊರು, ಯಾವ ಕಾಲ, ಬೇಗ ಹೋಗಬೇಕೋ ಅಗ್ಗವಾಗಿ ಹೋಗಬೇಕೋ, ನಡೆದೋ ಎತ್ತಿನ ಗಾಡಿಯಲ್ಲೋ ಎಂದು ಆರಿಸಿಕೊಟ್ಟರೆ ನಕ್ಷೆಯ ಮೇಲೆ ದಾರಿ ಎಳೆದು, ಎಷ್ಟು ದಿನ, ಎಷ್ಟು ದೂರ, ಎಷ್ಟು ಖರ್ಚು ಎಂದು ಹೇಳುತ್ತದೆ. ದಾರಿ ತೋರಿಸುವ ಮೊಬೈಲ್ ನಕ್ಷೆ ಕಂಡ ಮಗುವಿಗೆ ಇದರ ಸ್ವರೂಪ ಹೊಸದೇನಲ್ಲ. ಸಾವಿರದ ಎಂಟುನೂರು ವರ್ಷ ಹಿಂದಿನ ದಾರಿಗಳು ಎಂಬುದೊಂದೇ ವ್ಯತ್ಯಾಸ.

ಬಳಸುವ ಮೊದಲು ದೊಡ್ಡವರು ಅರ್ಧ ಗಂಟೆ ಒಬ್ಬರೇ ಕೂತು ನೋಡಿಕೊಳ್ಳಬೇಕು. ಪುಟವೆಲ್ಲ ಇಂಗ್ಲಿಷಿನಲ್ಲಿದೆ, ಊರುಗಳ ಹೆಸರು ಲ್ಯಾಟಿನ್. ಲಂಡನ್ ಹುಡುಕಿದರೆ ಸಿಗುವುದಿಲ್ಲ, ‘ಲೊಂಡಿನಿಯಂ’ ಎಂದು ಹುಡುಕಬೇಕು. ಪ್ಯಾರಿಸ್‌ಗೆ ‘ಲುಟೇಷಿಯ’, ಮಿಲಾನ್‌ಗೆ ‘ಮೆಡಿಯೊಲಾನಂ’, ಉತ್ತರ ಆಫ್ರಿಕಾದ ಬಂದರು ಕಾರ್ತೇಜಿಗೆ ‘ಕಾರ್ತಾಗೊ’. ಹತ್ತು ಊರುಗಳ ಹಳೆಯ ಮತ್ತು ಹೊಸ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಗುವಿನೆದುರು ತಡಕಾಡುವುದು ತಪ್ಪುತ್ತದೆ. ಫೋನಿನ ಪುಟ್ಟ ಪರದೆಯಲ್ಲಿ ಇದು ಬೇಡ. ಲ್ಯಾಪ್‌ಟಾಪ್ ಆದರೂ ಬೇಕು. ಇನ್ನೊಂದು ಎಚ್ಚರಿಕೆ: 200ರ ನಕ್ಷೆಯಲ್ಲಿ ‘ಕಾನ್‌ಸ್ಟಾಂಟಿನೊಪೊಲಿಸ್’ ಎಂಬ ಹೆಸರು ಕಾಣುತ್ತದೆ. ಇಂದಿನ ಇಸ್ತಾಂಬುಲ್ ಆದ ಆ ಊರಿಗೆ ಆಗ ಬೈಜಾಂಟಿಯಂ ಎನ್ನುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ತನ್ನ ರಾಜಧಾನಿಯಾಗಿ ಪ್ರತಿಷ್ಠಾಪಿಸಿದ್ದು 330ರಲ್ಲಿ. ಹಾಗೆಯೇ ಡ್ಯಾನ್ಯೂಬ್ ನದಿಯ ಉತ್ತರಕ್ಕೆ, ಇಂದಿನ ರೊಮೇನಿಯಾದ ಡಾಸಿಯಾದಲ್ಲೂ ರೋಮನ್ ರಸ್ತೆಗಳು ಕಾಣುತ್ತವೆ. ಚಕ್ರವರ್ತಿ ಔರೇಲಿಯನ್ 270ರ ದಶಕದ ಆರಂಭದಲ್ಲಿ ಅದನ್ನು ಬಿಟ್ಟುಕೊಟ್ಟ. ಒಂದು ಪ್ರಾಂತ ಕಳೆದುಕೊಂಡ ಮೇಲೂ ರೋಮ್ ಇನ್ನೂರು ವರ್ಷ ನಡೆಯಿತು ಎನ್ನಲು ಇದು ಒಳ್ಳೆಯ ಉದಾಹರಣೆ.

ಮೊದಲ ದಿನ ವೇಗದ ಆಟ ಸಾಕು. ರೋಮ್‌ನಿಂದ ಇಟಲಿಯ ಹಿಮ್ಮಡಿಯಲ್ಲಿರುವ ಬ್ರುಂಡಿಸಿಯಂ ಬಂದರಿಗೆ ಹೋಗುವ ಅಪ್ಪಿಯನ್ ರಸ್ತೆ ಸುಮಾರು 540 ಕಿ.ಮೀ. ಆರ್ಬಿಸ್ ಲೆಕ್ಕದಲ್ಲಿ ಎತ್ತಿನ ಗಾಡಿ ದಿನಕ್ಕೆ 12 ಕಿ.ಮೀ., ನಡೆಯುವವರು 30, ವೇಗದ ಕುದುರೆಗಾಡಿ 67, ಅಲ್ಲಲ್ಲಿ ಕುದುರೆ ಬದಲಿಸುತ್ತಾ ಓಡುವ ರಾಜದೂತರ ಸರಣಿ 250 ಕಿ.ಮೀ. ಸಾಗುತ್ತದೆ. ಅಂದರೆ ಗಾಡಿಗೆ 45 ದಿನ, ಕಾಲ್ನಡಿಗೆಗೆ 18 ದಿನ, ದೂತರ ಸರಣಿಗೆ ಎರಡು ದಿನಕ್ಕೆ ಸ್ವಲ್ಪ ಹೆಚ್ಚು. ಇಲ್ಲಿ ಒಂದು ತಪ್ಪು ಬಹಳ ಸುಲಭವಾಗಿ ಆಗುತ್ತದೆ: ಕಡಲ ದಾರಿಯ ಆಯ್ಕೆಗಳನ್ನು ಹಾಗೇ ಬಿಟ್ಟರೆ ನಕ್ಷೆ ಹಡಗು ಹತ್ತಿಸಿಬಿಡುತ್ತದೆ, ಆಗ ಗಾಡಿಗೂ ಕುದುರೆಗೂ ಇರುವ ವ್ಯತ್ಯಾಸ ಕಾಣುವುದೇ ಇಲ್ಲ. ತೀರದ ದಾರಿ, ತೆರೆದ ಕಡಲು ಎರಡನ್ನೂ ತೆಗೆದು ರಸ್ತೆಯೊಂದನ್ನೇ ಇಡಿ. ದಾರಿಯ ಆಯ್ಕೆಗೆ ತಕ್ಕಂತೆ ಪರದೆಯ ಅಂಕಿ ಒಂದೆರಡು ದಿನ ಹಿಂದೆಮುಂದೆ ಆಗಬಹುದು, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಪಾಠ ಇಲ್ಲಿಗೇ ಮುಗಿದರೂ ನಷ್ಟವಿಲ್ಲ. ‘ಗಡಿಯಲ್ಲಿ ಶತ್ರು ಬಂದಿದ್ದಾನೆ ಎಂಬ ಸುದ್ದಿ ಕುದುರೆಯ ಮೇಲೆ ಬರುತ್ತದೆ, ಸೈನಿಕರು ಮಾತ್ರ ನಡೆದುಕೊಂಡು ಹೋಗಬೇಕು’ ಎಂದು ಒಂದು ಮಾತು ಹೇಳಿದರೆ ಎಷ್ಟೋ ಹೇಳಿದಂತಾಯಿತು.

ಎರಡನೇ ದಿನ ಗೋಧಿ. ಆರ್ಬಿಸ್‌ನ ಅತಿ ಬೆಲೆಬಾಳುವ ಭಾಗ ಇದು. ಒಂದು ಕಿಲೋ ಗೋಧಿಯನ್ನು ಕತ್ತೆಯ ಮೇಲೆ ಸಾಗಿಸಿದರೆ ಎಷ್ಟು, ಗಾಡಿಯಲ್ಲಿ ಸಾಗಿಸಿದರೆ ಎಷ್ಟು ಎಂದು ಬೇರೆ ಬೇರೆ ತೋರಿಸುತ್ತದೆ. ಅಗ್ಗದ ದಾರಿ ಕೇಳಿದರೆ ಗೆರೆ ನೆಲ ಬಿಟ್ಟು ಕಡಲಿಗಿಳಿಯುವುದನ್ನು ಮಗು ಕಣ್ಣಾರೆ ನೋಡುತ್ತದೆ. ಚಕ್ರವರ್ತಿ ಡಯೋಕ್ಲೀಷಿಯನ್ 301ರಲ್ಲಿ ಹೊರಡಿಸಿದ ಬೆಲೆಕಟ್ಟಿನ ಆಜ್ಞೆ ಈ ಲೆಕ್ಕಕ್ಕೆ ಆಧಾರ. ಆ ದರಗಳ ಪ್ರಕಾರ, ಗೋಧಿಯನ್ನು ಗಾಡಿಯಲ್ಲಿ 120 ಕಿ.ಮೀ. ಎಳೆಯುವ ಬದಲು ಮೆಡಿಟರೇನಿಯನ್ ಕಡಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಡಗಿನಲ್ಲಿ ತರುವುದೇ ಅಗ್ಗ. ರೋಮ್ ನಗರ ಪಕ್ಕದ ಹೊಲ ಬಿಟ್ಟು ಈಜಿಪ್ಟಿನಿಂದಲೂ ಉತ್ತರ ಆಫ್ರಿಕಾದಿಂದಲೂ ಅನ್ನ ತರಿಸಿಕೊಂಡದ್ದು ಏಕೆ ಎನ್ನುವುದು ಇಷ್ಟರಲ್ಲೇ ತಿಳಿಯುತ್ತದೆ. ಈಜಿಪ್ಟಿನ ಬಂದರು ಅಲೆಕ್ಸಾಂಡ್ರಿಯದಿಂದ ರೋಮ್‌ಗೆ ಮತ್ತು ರೋಮ್‌ನಿಂದ ಅಲೆಕ್ಸಾಂಡ್ರಿಯಕ್ಕೆ ಜುಲೈ ತಿಂಗಳಲ್ಲಿ ಎಷ್ಟು ದಿನ ಎಂದು ಎರಡು ಬಾರಿ ಕೇಳಿ ನೋಡಿ. ಬೇಸಿಗೆಯಲ್ಲಿ ಗಾಳಿ ವಾಯವ್ಯದಿಂದ ಬೀಸುವುದರಿಂದ ಹೋಗುವುದು ಬೇಗ, ತುಂಬಿದ ಹಡಗು ಮರಳುವುದು ತುಂಬಾ ನಿಧಾನ. ಕಾರ್ತೇಜಿನಿಂದ ರೋಮ್‌ಗೆ ಕೇಳಿದರೆ ಪುಟ್ಟ ಗೆರೆ. ಅದನ್ನು ಮಗುವಿನ ಬೆರಳಿನಿಂದಲೇ ಮುಟ್ಟಿಸಿ ನೆನಪಿಡಲು ಹೇಳಿ. ಮೂರನೇ ದಿನದ ಕಥೆ ನಿಂತಿರುವುದೇ ಆ ಗೆರೆಯ ಮೇಲೆ.

ಖರ್ಚಿನ ಅಂಕಿ ಬಳಸುವಾಗ ಜೋಪಾನ. ನಕ್ಷೆ 200ರದ್ದು, ದರ 301ರದ್ದು. ನಡುವೆ ನೂರು ವರ್ಷದಲ್ಲಿ ದೆನಾರಿಯಸ್ ನಾಣ್ಯ ನೆಲಕಚ್ಚಿತ್ತು. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಅದು ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. 200ರ ಹೊತ್ತಿಗೆ ಅರ್ಧದಷ್ಟು ಬೆಳ್ಳಿ. 270ರ ಹೊತ್ತಿಗೆ ‘ಬೆಳ್ಳಿ’ ನಾಣ್ಯ ಎಂದು ಚಲಾವಣೆಯಲ್ಲಿದ್ದದ್ದರಲ್ಲಿ ಬೆಳ್ಳಿಯ ಪಾಲು ನೂರಕ್ಕೆ ಐದಕ್ಕಿಂತಲೂ ಕಡಿಮೆ, ಉಳಿದದ್ದು ತಾಮ್ರ, ಮೇಲೆ ಬೆಳ್ಳಿಯ ತೆಳು ಲೇಪ. ಆದ್ದರಿಂದ ಪರದೆಯ ಮೇಲಿನ ‘ಇಷ್ಟು ದೆನಾರಿಯಸ್’ ಎಂಬ ಸಂಖ್ಯೆಯನ್ನು ಮಗುವಿಗೆ ಹೇಳಬೇಡಿ. ಹಡಗಿಗಿಂತ ಗಾಡಿ ಎಷ್ಟು ಪಟ್ಟು ಎಂಬ ಹೋಲಿಕೆಯಷ್ಟೇ ಹೇಳಿ. ನಾಣ್ಯ ಸವಕಲಾದ ಕಥೆ ಒಂಬತ್ತು ಹತ್ತು ವರ್ಷದವರಿಗೆ ಬೇರೆಯಾಗಿ ಹೇಳಬಹುದು. ಒಂದು ಲೋಟ ಹಾಲಿಗೆ ಪ್ರತಿ ಸಲ ಅರ್ಧ ಲೋಟ ನೀರು ಸೇರಿಸುತ್ತಾ ಹೋಗಿ ‘ಇನ್ನೂ ಹಾಲೇ ಅನ್ನುತ್ತೀಯಾ?’ ಎಂದು ಕೇಳಿದರೆ ಸಾಕು.

ಆರ್ಬಿಸ್ ಇಲ್ಲಿಗೆ ಕೈಬಿಡುತ್ತದೆ. ಅದರಲ್ಲಿ ದಾರಿಗಳು ಯಾವಾಗಲೂ ತೆರೆದಿರುತ್ತವೆ, ದರೋಡೆ ಇಲ್ಲ, ಸಂಬಳ ಸಿಗದ ಸೈನಿಕರಿಲ್ಲ, 200 ಎಂಬ ಒಂದೇ ಕ್ಷಣದಲ್ಲಿ ಗಡಿಯಾರ ನಿಂತಿದೆ. ಇಸವಿ ಬದಲಿಸುವ ಒಂದು ಗುಂಡಿ ಇದ್ದಿದ್ದರೆ ಶಾಲೆಗಳಿಗೆ ಎಂಥ ಉಪಕಾರವಾಗುತ್ತಿತ್ತು! ಇಲ್ಲದ ಕಾರಣ ಮುರಿಯುವ ಕೆಲಸವನ್ನು ಹಾಳೆಯ ಮೇಲೆ ನಾವೇ ಮಾಡಬೇಕು.

ಬೇಕಾದ ಸಾಮಾನು: ಎರಡು ಎ4 ಹಾಳೆ ಜೋಡಿಸಿ ಬಿಡಿಸಿದ ಮೆಡಿಟರೇನಿಯನ್ ಸುತ್ತಣ ನಕ್ಷೆ, ಅದರ ಕೆಳಗೆ ಒಂದು ಇಂಚು ದಪ್ಪದ ಥರ್ಮೋಕೋಲ್ ಹಲಗೆ, ಹನ್ನೆರಡು ಗುಂಡುಪಿನ್ನು, ಎರಡು ಬಣ್ಣದ ಉಲ್ಲನ್ ದಾರ, 30 ದೊಡ್ಡ ಕಾಳು, ಐದು ಖಾಲಿ ಬೆಂಕಿಪೆಟ್ಟಿಗೆ, ಒಂದು ಬಟ್ಟಲು. ತೆಳುವಾದ ರಟ್ಟು ಬಳಸಿದರೆ ದಾರದ ಎಳೆತಕ್ಕೆ ಪಿನ್ನು ವಾಲಿ ಹಾರುತ್ತದೆ. ನೂಲಿನ ದಾರ ಬಳಸಿದರೆ ಗಂಟು ಬಿಚ್ಚಲಾಗದೆ ಆಟ ಅರ್ಧಕ್ಕೆ ನಿಲ್ಲುತ್ತದೆ. ಐದು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಪಿನ್ನು ಚುಚ್ಚುವ ಕೆಲಸ ದೊಡ್ಡವರದು, ಕಾಳು ಎಣಿಸಿ ಕೊಟ್ಟು ಎಣಿಸಿಯೇ ಮರಳಿ ತೆಗೆದಿಡಬೇಕು.

ಮೂರನೇ ದಿನ ಊರುಗಳಿಗೆ ಪಿನ್ನು ಚುಚ್ಚಿ, ಅವುಗಳ ನಡುವಿನ ದಾರಿಗಳಿಗೆ ದಾರ ಕಟ್ಟಿ, ಆಟವನ್ನು 395ರಿಂದ ಶುರು ಮಾಡಿ. ಆ ವರ್ಷ ಚಕ್ರವರ್ತಿ ಥಿಯೊಡೋಸಿಯಸ್ ತೀರಿಕೊಂಡ ಮೇಲೆ ಪೂರ್ವ ಭಾಗ ಅವನ ಹಿರಿಯ ಮಗ ಅರ್ಕೇಡಿಯಸ್‌ಗೆ, ಪಶ್ಚಿಮ ಕಿರಿಯ ಮಗ ಹೊನೋರಿಯಸ್‌ಗೆ ಬಂತು. ಪೂರ್ವದ ದಾರಗಳು ಒಂದು ಬಣ್ಣ, ಪಶ್ಚಿಮದ್ದು ಇನ್ನೊಂದು. ಈಜಿಪ್ಟಿನ ಗೋಧಿ ಅಷ್ಟರಲ್ಲಾಗಲೇ ರೋಮ್ ಬಿಟ್ಟು ಕಾನ್‌ಸ್ಟಾಂಟಿನೋಪಲ್‌ಗೆ ಹೋಗುತ್ತಿತ್ತು, ಆದ್ದರಿಂದ ಅಲೆಕ್ಸಾಂಡ್ರಿಯದ ದಾರವನ್ನು ಪೂರ್ವಕ್ಕೇ ಕಟ್ಟಬೇಕು. ಹಲವರು ಇದನ್ನು ಮರೆತು ರೋಮ್‌ಗೆ ಕಟ್ಟುತ್ತಾರೆ. ಆಮೇಲೆ ಕಾರ್ತೇಜ್ ಹೋದಾಗ ‘ಈಜಿಪ್ಟ್ ಇದೆಯಲ್ಲ’ ಎಂದು ಮಗು ಕೇಳುತ್ತದೆ, ಉತ್ತರ ಇರುವುದಿಲ್ಲ.

ಈಗ ಪಶ್ಚಿಮದ ಕಾಳು ಹಂಚಿ: ಆಫ್ರಿಕಾ 10, ಇಟಲಿ 8, ಗಾಲ್ (ಇಂದಿನ ಫ್ರಾನ್ಸ್ ಸುತ್ತಿನ ಪ್ರದೇಶ) 5, ಸ್ಪೇನ್ 5, ಬ್ರಿಟನ್ 2. ಒಟ್ಟು 30. ಇವು ಆಟಕ್ಕೆಂದು ಹೊಂದಿಸಿದ ಅಂಕಿಗಳು, ಇತಿಹಾಸದ ಲೆಕ್ಕವಲ್ಲ. ಮಗುವಿಗೂ ಹಾಗೆಯೇ ಹೇಳಿ. ಪ್ರತಿ ವರ್ಷ ಕಾಳುಗಳು ತೆರಿಗೆಯಾಗಿ ಇಟಲಿಯ ಬಟ್ಟಲಿಗೆ ಬರುತ್ತವೆ. ನಗರಗಳ ರೊಟ್ಟಿಗೂ ಅಧಿಕಾರಿಗಳಿಗೂ 8 ಕಾಳು. ಐದು ಬೆಂಕಿಪೆಟ್ಟಿಗೆ ಐದು ಸೇನೆ, ತಲಾ 4 ಕಾಳು. ಉಳಿಯುವುದು 2. ಸಂಬಳ ಸಿಗದ ಪೆಟ್ಟಿಗೆಯನ್ನು ನಕ್ಷೆಯಿಂದ ತೆಗೆಯಬೇಕು. ನಿಯಮ ಇದೊಂದೇ. ಮೊದಲು ಎರಡು ಸುತ್ತು ಯಾವ ತೊಂದರೆಯೂ ಇಲ್ಲದೆ ಆಡಿಸಿ. ಎಲ್ಲ ಸರಿಯಾಗಿ ನಡೆಯುವ ಆ ಸುತ್ತುಗಳನ್ನು ಬೇಸರ ಎಂದು ಬಿಟ್ಟರೆ ಮುಂದಿನದಕ್ಕೆ ಹಿಡಿತವೇ ಇರುವುದಿಲ್ಲ.

406ರ ಕೊನೆಯ ದಿನ, ಡಿಸೆಂಬರ್ 31ರಂದು, ವಾಂಡಲರು, ಅಲಾನರು, ಸುವೇಬಿಯರು ಎಂಬ ಹೊರಗಿನ ಪಂಗಡದವರು ಗಡಿಯ ರೈನ್ ನದಿ ದಾಟಿದರು. ಗಾಲ್‌ನಲ್ಲಿ 2 ಕಾಳು ಬಿಟ್ಟು ಉಳಿದದ್ದು ತೆಗೆಯಿರಿ. 409ರಲ್ಲಿ ಅವರು ಸ್ಪೇನ್ ಹೊಕ್ಕರು: ಅಲ್ಲೂ ಉಳಿಯುವುದು 2. 410ರ ಸುಮಾರಿಗೆ ಬ್ರಿಟನ್ ಕೈಬಿಟ್ಟಿತು: ಸೊನ್ನೆ. ಅದೇ 410ರ ಆಗಸ್ಟಿನಲ್ಲಿ ಅಲಾರಿಕ್‌ನ ಗೋಥರು ಎಂಬ ಇನ್ನೊಂದು ಪಂಗಡದವರು ಮೂರು ದಿನ ರೋಮ್ ಲೂಟಿ ಮಾಡಿದರು. ಇಟಲಿಯ ಊರುಗಳು ಎಷ್ಟು ಸೊರಗಿದ್ದವೆಂದರೆ 413ರಲ್ಲಿ ಹೊನೋರಿಯಸ್ ದಕ್ಷಿಣದ ಹಲವು ಪ್ರಾಂತಗಳ ತೆರಿಗೆಯನ್ನು ಐದರಲ್ಲೊಂದು ಪಾಲಿಗೆ ಇಳಿಸಬೇಕಾಯಿತು. ಇಟಲಿ 8ರಿಂದ 5ಕ್ಕೆ. ಮಗು ಕೂಡಿ ನೋಡಲಿ: 10, 5, 2, 2. ಬಟ್ಟಲಿಗೆ ಬಂದದ್ದು 19. ರೊಟ್ಟಿಗೆ 8 ಹೋದರೆ 11. ಎರಡು ಪೆಟ್ಟಿಗೆಗೆ ಮಾತ್ರ ಸಂಬಳ, ಮೂರು ಪೆಟ್ಟಿಗೆ ನಕ್ಷೆಯಿಂದ ಹೊರಗೆ.

ಇಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ‘ಹೋದ ಊರುಗಳನ್ನು ಮರಳಿ ಪಡೆಯಲು ಏನು ಬೇಕು?’ ಸೇನೆ ಬೇಕು. ಸೇನೆಗೆ? ಕಾಳು. ಕಾಳು ಎಲ್ಲಿದೆ? ಹೋದ ಊರುಗಳಲ್ಲಿ. ಈ ಸುಳಿಯನ್ನು ಮಗು ತಾನೇ ಕಂಡುಕೊಳ್ಳುವ ಕ್ಷಣಕ್ಕಾಗಿಯೇ ಇಷ್ಟೆಲ್ಲ ತಯಾರಿ. ನಾವೇ ಬಾಯಿಬಿಟ್ಟು ಹೇಳಿಬಿಟ್ಟರೆ ಎಲ್ಲ ವ್ಯರ್ಥ, ಆದ್ದರಿಂದ ಎಷ್ಟು ಹೊತ್ತಾದರೂ ಕಾಯಿರಿ. ಕೆಲವು ಮಕ್ಕಳು ‘ಸಂಬಳದ ಬದಲು ಜಮೀನು ಕೊಡೋಣ’ ಎನ್ನುತ್ತಾರೆ. ಅದನ್ನು ತಪ್ಪು ಎನ್ನಬೇಡಿ. ರೋಮನ್ನರೂ 418ರಲ್ಲಿ ಗೋಥರಿಗೆ ಗಾಲ್ ನೈಋತ್ಯದ ಅಕ್ವಿಟೇನ್‌ನಲ್ಲಿ ನೆಲೆ ಕೊಟ್ಟರು. ಹಾಗೆ ಮಾಡಿದರೆ ಗಾಲ್‌ನ ಇನ್ನೊಂದು ಕಾಳು ಬಟ್ಟಲಿಗೆ ಬರುವುದು ನಿಲ್ಲುತ್ತದೆ, ಅಷ್ಟೇ.

429ರಲ್ಲಿ ಗೈಸೆರಿಕ್‌ನ ವಾಂಡಲರು ಕಡಲು ದಾಟಿ ಆಫ್ರಿಕಾಕ್ಕೆ ಬಂದರು, 439ರಲ್ಲಿ ಕಾರ್ತೇಜ್ ಹಿಡಿದರು. ಹಿಂದಿನ ದಿನ ಬೆರಳಿಟ್ಟು ನೋಡಿದ ಆ ಪುಟ್ಟ ಗೆರೆಯ ದಾರವನ್ನು ಈಗ ಮಗುವೇ ಬಿಚ್ಚಲಿ. ಹತ್ತು ಕಾಳು ಒಂದೇ ಏಟಿಗೆ ಹೋದವು. ಬಟ್ಟಲಿನಲ್ಲಿ 9, ರೊಟ್ಟಿಗೆ 8, ಸೇನೆಗೆ 1. ಒಂದು ಪೆಟ್ಟಿಗೆಗೂ ಸಾಲದು. ರೊಟ್ಟಿ ಕಡಿಮೆ ಮಾಡೋಣ ಎಂದು ಮಗು ಹೇಳಿದರೆ ಆಡಲು ಬಿಡಿ: ಒಂದು ಸೇನೆ ಉಳಿಯುತ್ತದೆ, ನಗರದ ಜನ ಊರು ಬಿಟ್ಟು ಹೊರಡುತ್ತಾರೆ. ಉಚ್ಛ್ರಾಯ ಕಾಲದಲ್ಲಿ ಸುಮಾರು ಹತ್ತು ಲಕ್ಷ ಜನರಿದ್ದ ರೋಮ್ ಆರನೇ ಶತಮಾನದ ಮಧ್ಯದ ಹೊತ್ತಿಗೆ ಕೆಲವೇ ಹತ್ತು ಸಾವಿರಕ್ಕೆ ಕುಗ್ಗಿದ್ದು ಇದೇ ದಾರಿಯಲ್ಲಿ. 468ರಲ್ಲಿ ಪೂರ್ವದವರು ಸಾವಿರಕ್ಕೂ ಮಿಕ್ಕಿದ ಹಡಗು ಕಳಿಸಿ ಆಫ್ರಿಕಾ ಮರಳಿ ಪಡೆಯಲು ಹೊರಟದ್ದನ್ನು ಬಿಡಬಾರದು. ಗೈಸೆರಿಕ್ ಬೆಂಕಿ ಹಚ್ಚಿದ ಹಡಗುಗಳನ್ನು ಗಾಳಿಯ ಜೊತೆ ತೇಲಿಬಿಟ್ಟು ಆ ನೌಕಾಪಡೆಯನ್ನು ಸುಟ್ಟ. ಎಷ್ಟು ದುಬಾರಿಯಾದರೂ ಸರಿ, ಆ ಒಂದು ದಾರ ಮತ್ತೆ ಕಟ್ಟಬೇಕೆಂದು ದೊಡ್ಡವರಿಗೂ ಗೊತ್ತಿತ್ತು ಎಂದು ಮಗುವಿಗೆ ತಿಳಿಯಲಿ.

ಹೇಳುವ ಮಾತಿನ ಬಗ್ಗೆ ಸ್ವಲ್ಪ. ‘ಅನಾಗರಿಕರು ಬಂದು ನಾಶ ಮಾಡಿದರು’ ಎಂಬ ವಾಕ್ಯ ಬಾಯಿಗೆ ಸಲೀಸಾಗಿ ಬರುತ್ತದೆ, ದಯವಿಟ್ಟು ನುಂಗಿಕೊಳ್ಳಿ. ಗೋಥರು 376ರಲ್ಲಿ ಡ್ಯಾನ್ಯೂಬ್ ದಾಟಿದ್ದು ಹೂಣರಿಗೆ ಹೆದರಿ, ಆಶ್ರಯ ಕೇಳಿಕೊಂಡು. ರೋಮನ್ ಅಧಿಕಾರಿಗಳು ಅವರನ್ನು ಹಸಿವಿಗೆ ತಳ್ಳಿ ಸುಲಿದರು, ಅವರು ತಿರುಗಿಬಿದ್ದರು. 378ರಲ್ಲಿ ಆಡ್ರಿಯಾನೋಪಲ್ ಯುದ್ಧದಲ್ಲಿ ಚಕ್ರವರ್ತಿ ವಾಲೆನ್ಸ್ ಸತ್ತ. ಅಲಾರಿಕ್ ಹಿಂದೆ ರೋಮ್ ಪರವಾಗಿಯೇ ಪಡೆ ನಡೆಸಿದವನು. ಪಶ್ಚಿಮವನ್ನು ಕಾದ ಸೇನಾಪತಿ ಸ್ಟಿಲಿಕೋನ ತಂದೆ ವಾಂಡಲ. ಎಂಟು ವರ್ಷದ ಮಗುವಿಗೆ ‘ಹೆದರಿ ಬಂದವರು, ಮೋಸ ಹೋದವರು, ಕೋಪಗೊಂಡವರು’ ಎಂದರೆ ಚೆನ್ನಾಗಿ ಅರ್ಥವಾಗುತ್ತದೆ. ಹಾಗೆಯೇ ಸೀಸದ ಕೊಳವೆಯ ನೀರು ಕುಡಿದು ಬಿದ್ದರು, ಸೋಮಾರಿಗಳಾಗಿ ಬಿದ್ದರು ಎಂಬ ಒಂದೇ ಸಾಲಿನ ಉತ್ತರಗಳೂ ಬೇಡ. ಅದೇ ಕೊಳವೆಗಳು ಒಳ್ಳೆಯ ಕಾಲದಲ್ಲೂ ಇದ್ದವು.

ಒಂದು ಸಲಕ್ಕೆ ಇಪ್ಪತ್ತು ನಿಮಿಷ ಮೀರಿಸಬೇಡಿ. ಮೂರನೇ ದಿನದ ಆಟ ಉದ್ದವಾದರೆ 410ಕ್ಕೆ ನಿಲ್ಲಿಸಿ, ಹಲಗೆ ಹಾಗೇ ಇಟ್ಟು ಮರುದಿನ ಮುಂದುವರಿಸಿ. ‘ಎಲ್ಲರೂ ಸತ್ತುಹೋದರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ, ಜನ ಅಲ್ಲೇ ಇದ್ದರು, ಹೊಲ ಉತ್ತರು. ಅವರ ಲ್ಯಾಟಿನ್ ಊರೂರಿಗೆ ಬೇರೆಯಾಗುತ್ತಾ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ರೊಮೇನಿಯನ್ ಆಯಿತು. ಪೂರ್ವದ ದಾರಗಳನ್ನು ಮುಟ್ಟಲೇಬೇಡಿ, ಪೂರ್ವ ಸಾಮ್ರಾಜ್ಯ ನಡೆದ 1453ರವರೆಗೆ ಅವು ಬೇಕು.

ಅಂಕಗಳಲ್ಲಿ ಹೇಳುವುದಾದರೆ, ಒಂಬತ್ತು ಹತ್ತು ವರ್ಷದವರಿಗೆ ಆರ್ಬಿಸ್‌ಗೆ ಐದಕ್ಕೆ ನಾಲ್ಕು. ಆರರಿಂದ ಎಂಟು ವರ್ಷದವರಿಗೆ ಪಕ್ಕದಲ್ಲಿ ಓದಿ ಹೇಳುವವರಿದ್ದರೆ ಮೂರು, ಇಲ್ಲದಿದ್ದರೆ ಕೊಡುವುದೇ ಬೇಡ. ಭಾಷೆಯ ತೊಡಕು ಮತ್ತು ನಿಂತ ಗಡಿಯಾರಕ್ಕಾಗಿ ಕಳೆದ ಅಂಕ ಅದು. ನಕ್ಷೆಯ ಹಿಂದಿರುವ ವಿದ್ವತ್ತಿಗೆ ಪೂರ್ಣ ಅಂಕ.

ಆಟದ ಕೊನೆಗೆ ಪರದೆಯ ಹತ್ತಿರ ಮರಳಿ ಬನ್ನಿ. 476ರಲ್ಲಿ ಸೇನಾನಾಯಕ ಓಡೊಆಸರ್ ಪಶ್ಚಿಮದ ಚಕ್ರವರ್ತಿಯನ್ನು ಗದ್ದುಗೆಯಿಂದ ಇಳಿಸಿದ. ಇಳಿದವನು ಎಳೆಯ ಹುಡುಗ, ಹೆಸರು ರೊಮುಲಸ್. ಜನ ಅವನನ್ನು ಅಗಸ್ಟುಲಸ್, ಅಂದರೆ ‘ಪುಟಾಣಿ ಅಗಸ್ಟಸ್’ ಎನ್ನುತ್ತಿದ್ದರು. ಓಡೊಆಸರ್ ಅವನನ್ನು ಕೊಲ್ಲದೆ, ವರ್ಷಾಶನ ಗೊತ್ತುಮಾಡಿ ಕಂಪಾನಿಯಾಕ್ಕೆ ಕಳಿಸಿದ. ಚಕ್ರವರ್ತಿಯ ಉಡುಗೆ ಲಾಂಛನಗಳು ಕಾನ್‌ಸ್ಟಾಂಟಿನೋಪಲ್‌ಗೆ ಹೋದವು. ಪಶ್ಚಿಮಕ್ಕೆ ಬೇರೆ ಚಕ್ರವರ್ತಿ ಬೇಡ, ಒಬ್ಬನೇ ಸಾಕು ಎಂದು ರೋಮ್‌ನ ಸೆನೆಟ್ ಸಭೆಯವರು ಹೇಳಿ ಕಳಿಸಿದ್ದರು. ಹಲಗೆಯ ಮೇಲೆ ರೋಮ್‌ಗೂ ಕಾನ್‌ಸ್ಟಾಂಟಿನೋಪಲ್‌ಗೂ ನಡುವಿನ ದಾರ ಇನ್ನೂ ಇರಲಿ. ಆರ್ಬಿಸ್‌ನಲ್ಲಿ ‘ರೋಮಾ’ದಿಂದ ‘ಕಾನ್‌ಸ್ಟಾಂಟಿನೊಪೊಲಿಸ್’ ಎಂದು ಕೊಟ್ಟು, ಎಲ್ಲ ದಾರಿಗಳನ್ನೂ ತೆರೆದು, ಆ ಉಡುಗೆಯ ಗಂಟು ತಲುಪಲು ಎಷ್ಟು ದಿನ ಬೇಕಾಗಿರಬಹುದು ಎಂದು ಮಗು ಮೊದಲು ಊಹಿಸಿ ಹೇಳಲಿ, ಆಮೇಲೆ ಗುಂಡಿ ಒತ್ತಲಿ.